ಕರೆಂಟಿನ ಅನ್ನದ ಪಾತ್ರೆ ಗೋವಾದ ಬಾಡಿಗೆ ಕೋಣೆಗೆ ಬಂದದ್ದು

ವಾಸ್ಕೋದ ಬೈನಾ, ಜುವಾರಿ ನಗರ, ಮಡಗಾಂವ್, ಪೋಂಡಾ, ಮಾಪ್ಸಾ. ಈ ಊರುಗಳಲ್ಲಿ ದುಡಿಯುವ ನಮ್ಮ ಕಡೆಯ ಮಂದಿಯ ಮನೆಗೆ ಹೋದೋರು ಒಂದು ನೋಟ ಕಂಡೇ ಇರುತ್ತಾರೆ. ಇರೋದು ಒಂದೇ ಕೋಣೆ. ಗೋಡೆಗೆ ಮೊಳೆ ಹೊಡೆದು ಬಟ್ಟೆ ತೂಗುಹಾಕಿರುತ್ತಾರೆ, ಕೆಳಗೆ ಟ್ರಂಕು, ಸುತ್ತಿಟ್ಟ ಹಾಸಿಗೆ. ಮೂಲೆಯಲ್ಲಿ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಚುಚ್ಚಿದ ರೈಸ್ ಕುಕ್ಕರು. ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜಿಗೆ ಹಾಕಿರುತ್ತದೆ. ಜೋಳದ ರೊಟ್ಟಿ ಬಡಿದು ಬೆಳೆದವರ ಮನೆಯಲ್ಲಿ ಅಡುಗೆಗೆ ಮೊದಲ ಜಾಗ ಈ ಪಾತ್ರೆಗೆ ಹೇಗೆ ಸಿಕ್ಕಿತು? ಅದು ಎಲ್ಲಿಂದ ಬಂತು, ಅದರ ಹೊಟ್ಟೆಯೊಳಗೆ ಏನಿದೆ, ಅದನ್ನು ಹೇಗೆ ಬಳಸಬೇಕು, ಹೇಗೆ ತೊಳೆಯಬೇಕು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇತಿಹಾಸದ ಪುಸ್ತಕದಲ್ಲಿ ತೊಳೆಯುವ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಈ ಯಂತ್ರದ ವಿಷಯದಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನು ಮಾಡಿದವರು ಯಾವ ಕಷ್ಟ ಬಿಡಿಸಲು ಮಾಡಿದರು ಅಂತ ಗೊತ್ತಾದರೆ, ತಳಕ್ಕೆ ಅಂಟಿದ ಒಂದು ಅಗುಳು ಯಾಕೆ ಕೆಡಕು ಅನ್ನೋದು ತಾನಾಗಿ ತಿಳಿಯುತ್ತದೆ.

ಮೊದಲು ನಮ್ಮವರು ಗೋವಾಕ್ಕೆ ಹೋದ ದಾರಿ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಮುರಗಾಂವ್ ಬಂದರಕ್ಕೆ ಹೋಗುವ ರೈಲುಹಾದಿ 1880ರ ದಶಕದ್ದು. ಹತ್ತಿ, ಕಾಳುಕಡಿ ಆ ಹಾದಿಯಲ್ಲಿ ಇಳಿದವು, ಜನರೂ ಇಳಿದರು. 1961ರ ಡಿಸೆಂಬರ್ 19ಕ್ಕೆ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆ ಆಯಿತು. ಆಮೇಲೆ ಬಂದರು ಬೆಳೆಯಿತು, ಗಣಿ ಬೆಳೆಯಿತು, 1970ರ ದಶಕದಲ್ಲಿ ಜುವಾರಿ ನಗರದ ಗೊಬ್ಬರದ ಕಾರ್ಖಾನೆ ಬಂತು, ರಸ್ತೆ, ಸೇತುವೆ, ಹೋಟೆಲು, ಕಟ್ಟಡ ಎದ್ದವು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ ಕಡೆಯ ಸಾವಿರಾರು ಕುಟುಂಬಗಳು ಕಲ್ಲು, ಮಣ್ಣು, ಸಿಮೆಂಟು ಹೊರಲು ಹೋದವು. ಮಳೆ ಕೈಕೊಟ್ಟ ವರ್ಷ ಹೆಚ್ಚು ಮಂದಿ, ಮಳೆಯಾದ ವರ್ಷ ಕಡಿಮೆ.

ಹೋದೋರು ಜೋಳದ ಹಿಟ್ಟನ್ನು ಗಂಟು ಕಟ್ಟಿಕೊಂಡೇ ಹೋದರು. ಆದರೆ ರೊಟ್ಟಿಗೆ ಉರಿ ಬೇಕು, ಹಂಚು ಬೇಕು, ಬಡಿಯಲು ಜಾಗ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೆಳಗಿನ ಹೊತ್ತು ಬೇಕು. ಬಾಡಿಗೆ ಕೋಣೆಯಲ್ಲಿ ಸೌದೆ ಹಚ್ಚಿದರೆ ಗೋಡೆ ಕಪ್ಪಾಗುತ್ತದೆ ಅಂತ ಮಾಲೀಕ ಬಿಡುವುದಿಲ್ಲ. ಸೀಮೆಎಣ್ಣೆ ಸ್ಟೋವ್ ಬಹಳ ಕಾಲ ಕೈ ಹಿಡಿಯಿತು. ಗ್ಯಾಸ್ ಬೇಕೆಂದರೆ ವಿಳಾಸದ ಕಾಗದ ಬೇಕು, ಕೋಣೆ ಬದಲಿಸುತ್ತಲೇ ಇರುವವರಿಗೆ ಅದು ಎಲ್ಲಿಂದ ಬರಬೇಕು? ಇಂಥವರಿಗಾಗಿಯೇ 5 ಕೆ.ಜಿ.ಯ ಸಣ್ಣ ಸಿಲಿಂಡರನ್ನು ಪೆಟ್ರೋಲ್ ಬಂಕುಗಳಲ್ಲಿ ಮಾರುವ ಏರ್ಪಾಡು ಶುರುವಾದದ್ದು 2013ರಲ್ಲಿ, ನಮ್ಮವರೇ ಆದ ವೀರಪ್ಪ ಮೊಯ್ಲಿ ಪೆಟ್ರೋಲಿಯಂ ಮಂತ್ರಿಯಾಗಿದ್ದಾಗ. ಅಷ್ಟು ಹೊತ್ತಿಗೆ ಕರೆಂಟಿನ ಪಾತ್ರೆ ಕೋಣೆಯ ಮೂಲೆ ಹಿಡಿದು ಕೂತಾಗಿತ್ತು. ರೇಷನ್ನಿನಲ್ಲಿ ಸಿಗೋದೂ ಅಕ್ಕಿ, ಗೋವಾದ ಬಜಾರದಲ್ಲಿ ಅಗ್ಗಕ್ಕೆ ಸಿಗೋದೂ ಅಕ್ಕಿ. ಬೆಳಿಗ್ಗೆ ಆರಕ್ಕೆ ಅಕ್ಕಿ, ನೀರು ಹಾಕಿ ಗುಂಡಿ ಒತ್ತಿ, ಸ್ನಾನ ಮುಗಿಸಿ ಬರೋದರೊಳಗೆ ಡಬ್ಬಿಗೆ ಅನ್ನ ಸಿದ್ಧ. ರೊಟ್ಟಿ ಭಾನುವಾರದ ತಿನಿಸಾಯಿತು.

ಗೋವಾದವರದ್ದೇ ಆದ ಅಡುಗೆಮನೆಯ ಕಥೆ ಬೇರೆ. ಅವರು ಮೊದಲಿನಿಂದಲೂ ಅನ್ನ, ಮೀನುಸಾರಿನವರು. ಅವರ ಅಕ್ಕಿ ಕುಚ್ಚಲಕ್ಕಿ, ಅವರ ಬಾಯಲ್ಲಿ ಉಕಡೆ ತಾಂದೂಳ. ಭತ್ತವನ್ನು ಒಮ್ಮೆ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿ ಮಾಡಿದ ಕೆಂಪು ಬಣ್ಣದ ದಪ್ಪ ಅಕ್ಕಿ. ಹಿಂದೆ ಅದು ಮಣ್ಣಿನ ಗಡಿಗೆಯಲ್ಲಿ, ಸೌದೆಯ ಉರಿಯಲ್ಲಿ, ಯಥೇಚ್ಛ ನೀರಿನಲ್ಲಿ ಬೇಯುತ್ತಿತ್ತು. ಬೆಂದ ಮೇಲೆ ಗಂಜಿ ಬಸಿಯುತ್ತಿದ್ದರು. ಬೆಳಗಿನ ಹತ್ತು ಹನ್ನೊಂದರ ಹೊತ್ತಿಗೆ ಪೇಜ್ ಅಂತ ಗಂಜಿ ಕುಡಿಯುವುದು, ಜೊತೆಗೆ ಒಣಮೀನೋ ಉಪ್ಪಿನಕಾಯಿಯೋ. ಗದ್ದೆಯಲ್ಲಿ ದುಡಿಯುವವರಿಗೆ ಅದೇ ಜೀವ. ನಮ್ಮ ಕರಾವಳಿಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದ್ದು ಒಂದು. ಬಸಿಯುವ ಅನ್ನಕ್ಕೆ ನೀರಿನ ಅಳತೆ ಬೇಡ, ಹೆಚ್ಚಾದರೆ ಬಸಿದರಾಯಿತು. ಆದರೆ ಒಲೆಯ ಮುಂದೆ ಒಬ್ಬರು ಇರಲೇಬೇಕು. ಸೌದೆ ಒಳಗೆ ತಳ್ಳಬೇಕು, ಉಕ್ಕಿದರೆ ಹಿಂದಕ್ಕೆ ಎಳೆಯಬೇಕು, ಅಗುಳು ಹಿಸುಕಿ ನೋಡಬೇಕು. ಆ ಒಬ್ಬರು ಯಾರು ಅಂತ ಕೇಳುವ ಅಗತ್ಯ ಯಾವ ಮನೆಯಲ್ಲೂ ಬರಲಿಲ್ಲ. ಅದು ಹೆಂಗಸರೇ.

ಜಪಾನಿನಲ್ಲೂ ಹಾಗೇ ಇತ್ತು. ಅಲ್ಲಿ ಬಸಿಯುವ ಪದ್ಧತಿ ಇಲ್ಲ, ನೀರು ಪೂರ್ತಿ ಇಂಗಬೇಕು. ಹಾಗಾಗಿ ಉರಿಯ ಲೆಕ್ಕ ಇನ್ನೂ ಬಿಗಿ. ಮಗು ಅತ್ತರೂ ಮುಚ್ಚಳ ತೆಗೆಯಬೇಡ ಅಂತ ಅವರಲ್ಲಿ ಒಂದು ಗಾದೆಯೇ ಇದೆ. ಮನೆಯ ಹೆಂಗಸು ನಸುಕಿನಲ್ಲಿ ಎದ್ದು ಒಲೆ ಹಚ್ಚಬೇಕು. ಇದಕ್ಕೆ ಕರೆಂಟಿನ ಉಪಾಯ ಹುಡುಕುವ ಕೆಲಸ ಬಹಳ ಹಿಂದೆ ಶುರುವಾಗಿತ್ತು. 1923ರಲ್ಲಿ ಮಿತ್ಸುಬಿಷಿ ಕಂಪನಿ ಕರೆಂಟಿನಲ್ಲಿ ಅನ್ನ ಮಾಡುವ ಪಾತ್ರೆ ಮಾಡಿತು. ಅದು ಮನೆಗಲ್ಲ, ಹಡಗಿನ ಅಡುಗೆಮನೆಗೆ. ಹಡಗು ಅಂದರೆ ಗೋವಾದ ಗಂಡಸರಿಗೆ ಹೊಸದಲ್ಲ. ಬ್ರಿಟಿಷರ ಹಡಗುಗಳಲ್ಲಿ ಅಡುಗೆಯವರಾಗಿ, ಸ್ಟೂವರ್ಡ್‌ಗಳಾಗಿ ಲೋಕ ಸುತ್ತಿದವರು ಅಲ್ಲಿನ ಹಳ್ಳಿಹಳ್ಳಿಯಲ್ಲಿ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಮುಂದೆ ಸೋನಿ ಅಂತ ಹೆಸರಾದ ಕಂಪನಿಯವರು ಮರದ ಪೀಪಾಯಿಯೊಳಗೆ ಅಲ್ಯುಮಿನಿಯಂ ತಗಡು ಕೂರಿಸಿ, ನೆನೆದ ಅಕ್ಕಿಯ ಮೂಲಕವೇ ಕರೆಂಟು ಹರಿಸಿ ನೋಡಿದರು. ಒಮ್ಮೆ ಹಸಿ, ಒಮ್ಮೆ ಮುದ್ದೆ. ಅದು ಮಾರಾಟವಾಗಲಿಲ್ಲ. ಒದ್ದೆ ಅಕ್ಕಿಯಲ್ಲಿ ಕರೆಂಟು ಹರಿಯುತ್ತದೆ ಅನ್ನೋದನ್ನು ಮಾತ್ರ ಆ ಪೀಪಾಯಿ ತೋರಿಸಿಕೊಟ್ಟಿತು. ಈ ಮಾತು ಮುಂದೆ ತೊಳೆಯುವ ಕಡೆ ಬಂದಾಗ ನೆನಪಿರಲಿ.

ಈ ಹಳೆಯ ಪಾತ್ರೆಗಳಿಗೆಲ್ಲ ಒಂದೇ ಕೊರತೆ. ಅನ್ನ ಆಯಿತು ಅಂತ ಪಾತ್ರೆಗೆ ಗೊತ್ತಾಗುತ್ತಿರಲಿಲ್ಲ. ಮನುಷ್ಯರೇ ನೋಡಿ ಸ್ವಿಚ್ ತೆಗೆಯಬೇಕಿತ್ತು. ಅಂದಮೇಲೆ ಸೌದೆ ಉಳಿಯಿತೇ ಹೊರತು ಕಾಯುವುದು ತಪ್ಪಲಿಲ್ಲ.

1950ರ ದಶಕದಲ್ಲಿ ತೋಷಿಬಾ ಕಂಪನಿಯ ಶೋಗೋ ಯಾಮಾದಾ ಅನ್ನೋರು ತಾನಾಗಿ ಆರುವ ಪಾತ್ರೆ ಮಾಡಿಕೊಡಿ ಅಂತ ಯೋಶಿತಾದಾ ಮಿನಾಮಿ ಎಂಬ ಸಣ್ಣ ಕಾರ್ಖಾನೆಯವರನ್ನು ಕೇಳಿದರು. ಮಿನಾಮಿ ನೀರು ಕಾಯಿಸುವ ಯಂತ್ರ ಮಾಡುತ್ತಿದ್ದವರು, ಅನ್ನದ ಬಗ್ಗೆ ಏನೂ ತಿಳಿಯದವರು. ಮನೆ ಅಡವಿಟ್ಟು ಕೆಲಸಕ್ಕೆ ಇಳಿದರು. ತಿಳಿದವರು ಅವರ ಹೆಂಡತಿ ಫುಮಿಕೊ. ಆಕೆ ದಿನಕ್ಕೆ ಹಲವು ಸಲ ಅನ್ನ ಮಾಡಿ, ಥರ್ಮಾಮೀಟರಿನಲ್ಲಿ ಬಿಸಿ ಅಳೆದು, ಬರೆದಿಟ್ಟುಕೊಂಡು, ಬಿಸಿಲಲ್ಲಿ ಚಳಿಯಲ್ಲಿ ಇದೇ ಕೆಲಸವನ್ನು ತಿಂಗಳುಗಟ್ಟಲೆ ಮಾಡಿದರು. ಚೆನ್ನಾಗಿ ಕುದಿ ಬಂದ ಮೇಲೆ ಸುಮಾರು 20 ನಿಮಿಷ ಬೆಂದರೆ ಅನ್ನ ಸರಿ ಅನ್ನೋದು ಆ ಲೆಕ್ಕದಿಂದ ಹೊರಬಂತು. ಯಂತ್ರದ ಮೇಲೆ ಕಂಪನಿಯ ಹೆಸರು ಇದೆ. ಆದರೆ ಅದರೊಳಗಿನ ತಿಳಿವಳಿಕೆ ಆಕೆಯ ಒಲೆಯದು ಅಂತಲೇ ನನ್ನ ಲೆಕ್ಕ.

20 ನಿಮಿಷವನ್ನು ಗಡಿಯಾರವಿಲ್ಲದೆ ಅಳೆಯೋದು ಹೇಗೆ? ಅವರು ಹೂಡಿದ ಉಪಾಯ ಸರಳ. ಪಾತ್ರೆಯೊಳಗೆ ಪಾತ್ರೆ. ಒಳಗಿನದರಲ್ಲಿ ಅಕ್ಕಿ ನೀರು, ಹೊರಗಿನದರಲ್ಲಿ ಒಂದು ಲೋಟ ನೀರು ಮಾತ್ರ. ಹೊರಗಿನ ಆ ಲೋಟ ನೀರು ಆವಿಯಾಗಿ ಮುಗಿಯಲು ಸುಮಾರು 20 ನಿಮಿಷ ಬೇಕು. ನೀರು ಇರೋತನಕ ಬಿಸಿ 100 ಡಿಗ್ರಿ ದಾಟೋದಿಲ್ಲ. ನೀರು ಮುಗಿದ ಕ್ಷಣ ಬಿಸಿ ಸರ್ರನೆ ಏರುತ್ತದೆ. ಆಗ ಎರಡು ಲೋಹ ಕೂಡಿಸಿದ ಒಂದು ಪಟ್ಟಿ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲೂ ಇರುವುದು ಇಂಥದೇ ಪಟ್ಟಿ. ಹೊರಗೆ ಚಳಿ ಹೆಚ್ಚಿದ್ದರೆ ಲೆಕ್ಕ ತಪ್ಪುತ್ತಿತ್ತು, ಅದಕ್ಕೆ ಸುತ್ತಲೂ ಇನ್ನೊಂದು ಪದರ ಕೂರಿಸಿ ನಡುವೆ ಗಾಳಿ ಬಿಟ್ಟರು. 1955ರ ಡಿಸೆಂಬರಿನಲ್ಲಿ ಅದು ಮಾರಾಟಕ್ಕೆ ಬಂತು. ಮೊದಲ ಕಂತು 700 ಪಾತ್ರೆ, ಬೆಲೆ 3,200 ಯೆನ್. ಆ ಕಾಲಕ್ಕೆ ಅದು ದುಬಾರಿ. ಅಂಗಡಿಯವರು ನಂಬಲಿಲ್ಲ. ಊರೂರಿಗೆ ಹೋಗಿ ಜನರ ಮುಂದೆ ಅನ್ನ ಮಾಡಿ ತೋರಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಜಪಾನಿನ ಅರ್ಧದಷ್ಟು ಮನೆಗಳಲ್ಲಿ ಕರೆಂಟಿನ ಅನ್ನದ ಪಾತ್ರೆ ಇತ್ತು.

ಶಾಲೆಯ ಮಾಸ್ತರರು ಇದನ್ನು ಮಕ್ಕಳಿಗೆ ಸುಲಭವಾಗಿ ತೋರಿಸಬಹುದು. ಕಾಗದದ ದೊನ್ನೆಯಲ್ಲಿ ನೀರು ತುಂಬಿ ಮೇಣದಬತ್ತಿಯ ಮೇಲೆ ಹಿಡಿದರೆ ನೀರು ಕಾಯುತ್ತದೆ, ಕಾಗದ ಸುಡುವುದಿಲ್ಲ. ನೀರು ಮುಗಿದ ಮೇಲೆ ಮಾತ್ರ ಕಾಗದಕ್ಕೆ ಬೆಂಕಿ. ರೈಸ್ ಕುಕ್ಕರಿನ ಇಡೀ ಬುದ್ಧಿ ಇಷ್ಟೇ.

ಆಮೇಲೆ ಹೊರಗಿನ ಲೋಟ ನೀರೂ ಬೇಡವಾಯಿತು. ಈಗ ನಮ್ಮ ಮನೆಗಳಲ್ಲಿರುವ ಸಾದಾ ಕುಕ್ಕರಿನಲ್ಲಿ ಪಾತ್ರೆ ಒಂದೇ, ಕೆಳಗೆ ಹೀಟರಿನ ತಟ್ಟೆ. ತಟ್ಟೆಯ ನಡುವೆ ಸ್ಪ್ರಿಂಗಿನ ಮೇಲೆ ಕೂತ ರೂಪಾಯಿ ಅಗಲದ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕೆಳಗೆ ಹೋಗಿ ಮೇಲೆ ಬರುತ್ತದೆ. ಅದರೊಳಗೆ ಅಯಸ್ಕಾಂತ. ನಾವು ಮುಂದಿನ ಕಡ್ಡಿ ಒತ್ತಿದಾಗ ಅಯಸ್ಕಾಂತ ಕಚ್ಚಿಕೊಂಡು ಸ್ವಿಚ್ ಹಿಡಿದಿಡುತ್ತದೆ. ಪಾತ್ರೆಯೊಳಗೆ ನೀರಿದ್ದಷ್ಟು ಹೊತ್ತು ತಳದ ಬಿಸಿ 100ರ ಆಸುಪಾಸು. ನೀರನ್ನೆಲ್ಲ ಅಕ್ಕಿ ಕುಡಿದ ಮೇಲೆ ಬಿಸಿ 100 ದಾಟಿ ಇನ್ನೊಂದಿಷ್ಟು ಡಿಗ್ರಿ ಏರುತ್ತದೆ, ಆ ಬಿಸಿಗೆ ಆ ಲೋಹ ತನ್ನ ಸೆಳೆತ ಕಳೆದುಕೊಳ್ಳುತ್ತದೆ, ಕಡ್ಡಿ ಟಕ್ ಅಂತ ಮೇಲೆ ಹಾರುತ್ತದೆ. ಕಾದರೆ ಲೋಹದ ಕಾಂತಶಕ್ತಿ ಹೋಗುತ್ತದೆ ಅನ್ನೋದನ್ನು 1895ರಲ್ಲಿ ವಿವರವಾಗಿ ಬರೆದವರು ಪಿಯರ್ ಕ್ಯೂರಿ, ಮೇರಿ ಕ್ಯೂರಿಯ ಗಂಡ. ರೇಡಿಯಂ ಜೊತೆಗೆ ನಮ್ಮ ಅನ್ನಕ್ಕೂ ಆ ಮನೆತನದ ಋಣವಿದೆ.

ಗೋವಾಕ್ಕೂ ಜಪಾನಿಗೂ ಅದೇ 1950ರ ದಶಕದಲ್ಲಿ ದೊಡ್ಡ ನಂಟು ಬೆಳೆಯಿತು. ಗೋವಾದ ಕಬ್ಬಿಣದ ಅದಿರು ಮುರಗಾಂವಿನಿಂದ ಹಡಗು ತುಂಬಿ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಭಾರತ ಸರ್ಕಾರ ಗಡಿ ಬಿಗಿ ಮಾಡಿದ ವರ್ಷಗಳೂ ಅವೇ. ಆಗ ಪೋರ್ಚುಗೀಸ್ ಆಡಳಿತ ವಿದೇಶಿ ಸಾಮಾನು ಬರಮಾಡಿಕೊಳ್ಳುತ್ತಿತ್ತು, ಗೋವಾದ ಅಂಗಡಿಗಳಲ್ಲಿ ನಮ್ಮ ಕಡೆ ಕಾಣದ ಮಾಲು ಸಿಗುತ್ತಿತ್ತು. ಆದರೆ ಕರೆಂಟೇ ಇರಲಿಲ್ಲವಲ್ಲ! ಕೆಲವೇ ಪಟ್ಟಣಗಳಿಗೆ ಬಿಟ್ಟರೆ ಹಳ್ಳಿಗಳಿಗೆ ದೀಪವೇ ಗತಿ. ಬಿಡುಗಡೆಯಾದ ಮೇಲೆ 1963ರಲ್ಲಿ ಗೋವಾದ ವಿದ್ಯುತ್ ಇಲಾಖೆ ಆಯಿತು, ಆಮೇಲೆ ಕಂಬಗಳು ಒಂದೊಂದೇ ಊರಿಗೆ ಹೋದವು. ಇವತ್ತು ಗೋವಾಕ್ಕೆ ಕರೆಂಟು ಹೋಗುವ ದಾರಿಗಳಲ್ಲಿ ಎರಡು ನಮ್ಮ ಕಾಡು ದಾಟಿಯೇ ಹೋಗುತ್ತವೆ. ಸೂಪಾ ಕಡೆಯಿಂದ ಪೋಂಡಾಕ್ಕೆ ಒಂದು ಲೈನು, ದಾಂಡೇಲಿ ಹತ್ತಿರದ ಅಂಬೇವಾಡಿಯಿಂದ ಪೋಂಡಾಕ್ಕೆ ಇನ್ನೊಂದು. ಘಟ್ಟ ಇಳಿದು ಹೋದ ಕೂಲಿಯವರ ಹಿಂದೆಯೇ ಕರೆಂಟೂ ಘಟ್ಟ ಇಳಿದ ಹಾಗೆ.

ಕುಕ್ಕರು ಬಂದದ್ದು ಮೊದಲು ಪೆಟ್ಟಿಗೆಗಳಲ್ಲಿ. ಹಡಗಿನಲ್ಲಿ ದುಡಿಯುವವರು, ಕುವೈತ್, ದುಬೈಗೆ ಹೋದವರು ರಜೆಗೆ ಬರುವಾಗ ರೇಡಿಯೋ, ಇಸ್ತ್ರಿಪೆಟ್ಟಿಗೆಯ ಜೊತೆ ಇದನ್ನೂ ಹೊತ್ತು ತಂದರು. ಹಾಗೆ ಬಂದವು ಕೆಲವು ಮನೆಯಲ್ಲಿ ಪ್ರದರ್ಶನದ ವಸ್ತುಗಳಾಗಿ ಉಳಿದವು. ಕುಚ್ಚಲಕ್ಕಿಗೆ ಅವು ಹೊಂದಲಿಲ್ಲ. ಬೆಳ್ತಿಗೆ ಅಕ್ಕಿಯ ಲೆಕ್ಕದಲ್ಲಿ ಮಾಡಿದ ಯಂತ್ರಕ್ಕೆ ದಪ್ಪ ಅಕ್ಕಿ ಹಾಕಿದರೆ ನೀರು ಇಂಗಿದರೂ ಅಗುಳು ಗಟ್ಟಿ. ನೀರು ಹೆಚ್ಚು ಹಾಕಿದರೆ ನೊರೆ ಉಕ್ಕಿ ಮುಚ್ಚಳದ ತೂತಿನಿಂದ ಹೊರಗೆ. 1988ರಲ್ಲಿ ಮತ್ಸುಷಿತಾ ಕಂಪನಿ ಚೆನ್ನೈಯಲ್ಲಿ ಭಾಗೀದಾರಿಕೆಯ ಸಂಸ್ಥೆ ಕಟ್ಟಿತು, ರೈಸ್ ಕುಕ್ಕರು ನಮ್ಮ ದೇಶದಲ್ಲೇ ತಯಾರಾಯಿತು. ನ್ಯಾಷನಲ್, ಆಮೇಲೆ ಪ್ಯಾನಾಸೋನಿಕ್ ಅಂತ ಜನ ಕೇಳಿ ಕೊಳ್ಳುತ್ತಿದ್ದದ್ದು ಅದನ್ನೇ. ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು, ಕೂಲಿಯವರ ಕೋಣೆಗೂ ಬಂತು.

ಡಬ್ಬಿಯ ಜೊತೆ ಕೊಡುವ ಪ್ಲಾಸ್ಟಿಕ್ ಲೋಟದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಅದು 180 ಮಿಲಿ ಲೀಟರ್ ಹಿಡಿಯುತ್ತದೆ. ಇದು ಯಾವ ಅಳತೆ, 200 ಇರಬಾರದಿತ್ತೇ ಅಂತ ಹಲವರು ಕೇಳಿದ್ದಾರೆ. ಅದು ಜಪಾನಿನ ಹಳೆಯ ಅಳತೆ, ಹೆಸರು ಗೋ. ನಮ್ಮ ಪಾವು ಇದ್ದ ಹಾಗೆ. ಒಳಪಾತ್ರೆಯ ಗೋಡೆಯ ಮೇಲಿನ ಗೆರೆಗಳು ಆ ಲೋಟದ ಲೆಕ್ಕಕ್ಕೆ ಹಾಕಿದವು. ಲೋಟ ಕಳೆದು ಸ್ಟೀಲ್ ಲೋಟದಲ್ಲಿ ಅಕ್ಕಿ ಅಳೆದು, ನೀರನ್ನು ಮಾತ್ರ ಗೆರೆ ನೋಡಿ ಹಾಕಿದರೆ ಅನ್ನ ಕೆಡುತ್ತದೆ. ಬೈಗುಳ ಕುಕ್ಕರಿಗೆ.

ಈಗ ಬಳಕೆಗೆ ಬರೋಣ. ಇದಕ್ಕೆ ಗೊತ್ತಿರೋದು ನೀರು ಮುಗಿಯಿತು ಅನ್ನೋ ಒಂದೇ ಸಂಗತಿ. ಅದೂ ಗೊತ್ತಾಗೋದು ಪಾತ್ರೆಯ ತಳ ಆ ಗುಂಡಿಗೆ, ತಟ್ಟೆಗೆ ಸಪಾಟಾಗಿ ತಾಗಿದ್ದರೆ ಮಾತ್ರ. ನಡುವೆ ಒಂದು ಅಗುಳು ಸಿಕ್ಕಿಕೊಂಡರೆ ಪಾತ್ರೆ ಒಂದು ಕಡೆ ಎದ್ದು ಕೂರುತ್ತದೆ. ತಟ್ಟೆಯ ಬಿಸಿ ಪಾತ್ರೆಗೆ ಸರಿಯಾಗಿ ಹತ್ತುವುದಿಲ್ಲ. ತಟ್ಟೆ ಸುಮ್ಮನೆ ಕಾಯುತ್ತದೆ, ಕಡ್ಡಿ ಬೇಗ ಹಾರುತ್ತದೆ, ಅನ್ನ ಅರೆಬೆಂದಿರುತ್ತದೆ. ಇಲ್ಲವೇ ಕಡ್ಡಿ ಹಾರೋದೇ ಇಲ್ಲ, ತಳ ಸೀಯುತ್ತದೆ. ಕೈಜಾರಿ ಬಿದ್ದು ತಳ ನೆಗ್ಗಿದ ಪಾತ್ರೆಯದ್ದೂ ಇದೇ ಕಥೆ. ಆದ್ದರಿಂದ ಒಳಪಾತ್ರೆಯನ್ನು ಗ್ಯಾಸ್ ಒಲೆಯ ಮೇಲೆ ಇಟ್ಟು ಒಗ್ಗರಣೆ ಹಾಕೋದು, ಅದರಲ್ಲೇ ಸೌಟು ಬಡಿಯೋದು ಬೇಡ. ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ತೊಳೆದು ಇದಕ್ಕೆ ಸುರಿಯಬೇಕು. ಒಳಪಾತ್ರೆಯ ಹೊರಮೈಯನ್ನು ಒಣ ಅರಿವೆಯಿಂದ ಒರೆಸಿಯೇ ಕೂರಿಸಬೇಕು. ಕೂರಿಸಿದ ಮೇಲೆ ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿದರೆ ಸರಿಯಾಗಿ ತಾಗುತ್ತದೆ. ಒಳಪಾತ್ರೆ ಇಲ್ಲದೆ ಕಡ್ಡಿ ಒತ್ತಲೇಬಾರದು.

ನಮ್ಮವರಲ್ಲಿ ಒಂದು ಅಭ್ಯಾಸ ಉಂಟು. ಕಡ್ಡಿ ಹಾರಿತು, ಅನ್ನ ಇನ್ನೂ ಗಟ್ಟಿ. ಆಗ ಕಡ್ಡಿ ಮತ್ತೆ ಒತ್ತುತ್ತಾರೆ, ಅದು ನಿಲ್ಲೋದಿಲ್ಲ. ಚಮಚ ಸಿಕ್ಕಿಸುತ್ತಾರೆ, ದಾರ ಕಟ್ಟುತ್ತಾರೆ. ಇದು ಕಾವಲುಗಾರನ ಕಣ್ಣು ಕಟ್ಟಿದ ಹಾಗೆ. ಆರುವ ಉಪಾಯಕ್ಕಾಗಿ ಮಿನಾಮಿಯವರು ಮನೆ ಅಡವಿಟ್ಟರು, ನಾವು ಒಂದು ಚಮಚದಿಂದ ಅದನ್ನು ತೆಗೆದುಹಾಕುತ್ತೇವೆ. ಅಕ್ಕಿ ಗಟ್ಟಿ ಇದ್ದರೆ ಬೇಕಾದ್ದು ನೀರು. ಅರ್ಧ ಲೋಟ ಬಿಸಿನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಕಡ್ಡಿ ತಾನೇ ನಿಲ್ಲುತ್ತದೆ. ಕುಚ್ಚಲಕ್ಕಿಯಾದರೆ ಮೊದಲೇ ಗಂಟೆಗಟ್ಟಲೆ ನೆನೆಸಬೇಕು, ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಉಕ್ಕುತ್ತಿದೆಯೇ ಅಂತ ಹತ್ತಿರವೇ ಇದ್ದು ನೋಡಬೇಕು.

ಕಡ್ಡಿ ಕೆಟ್ಟು ಬಿಸಿ ಮಿತಿಮೀರಿದರೆ ಅಂತ ಒಳಗೆ ಇನ್ನೊಂದು ಸಣ್ಣ ಫ್ಯೂಸ್ ಇರುತ್ತದೆ. ಅದು ಒಮ್ಮೆ ಹೋದರೆ ಹೋಯಿತು, ಕುಕ್ಕರು ಸತ್ತ ಹಾಗೆ. ರಿಪೇರಿಯವರು ಕೆಲವರು ಅದನ್ನು ತೆಗೆದು ತಂತಿ ಕೂಡಿಸಿ, ಐವತ್ತು ರೂಪಾಯಿ ತಗೊಂಡು ಸರಿಯಾಯಿತು ಅನ್ನುತ್ತಾರೆ. ಕುಕ್ಕರು ನಡೆಯುತ್ತದೆ, ನಿಜ. ಆದರೆ ಇನ್ನು ಅದನ್ನು ತಡೆಯುವವರು ಯಾರೂ ಇಲ್ಲ. ಅದೇ ಅಳತೆಯ ಹೊಸ ಫ್ಯೂಸ್ ಹಾಕಿದ್ದೀರಾ ಅಂತ ಕೇಳಿ ಪಡೆಯಬೇಕು.

ಜುವಾರಿ ನಗರದ ಒಂದು ಕೋಣೆಯಲ್ಲಿ ನಮ್ಮೂರ ಹೆಣ್ಣುಮಗಳೊಬ್ಬಳು ಮಾತಿನ ನಡುವೆ, "ಕುಕ್ಕರ್ ಮುಟ್ಟಿದ್ರ ಝುಂ ಅಂತೈತ್ರಿ ಸರ, ಅದಕ್ಕ ಚಪ್ಲಿ ಹಾಕ್ಕೊಂಡ ಮುಟ್ಟತೀನಿ" ಅಂದಳು. ಪ್ಲಗ್ ತೆಗೆದು ನೋಡಿದರೆ ಮೇಲಿನ ದಪ್ಪ ಪಿನ್ನು ಇರಲಿಲ್ಲ. ಬೋರ್ಡಿನಲ್ಲಿ ಎರಡೇ ತೂತು ಇದ್ದದ್ದರಿಂದ ಯಾರೋ ಮುರಿದಿದ್ದರು. ಮೂರು ಪಿನ್ನಿನಲ್ಲಿ ದಪ್ಪಗೆ ಉದ್ದಗೆ ಇರೋದು ಅರ್ಥಿಂಗಿನದು. ಉದ್ದ ಇರೋದು ಯಾಕೆಂದರೆ ಚುಚ್ಚುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು. ಒಳಗಿನ ತಂತಿ ಸವೆದು ಕರೆಂಟು ಮೈಗೆ ತಾಗಿದರೆ ಅದು ಈ ದಾರಿಯಲ್ಲಿ ನೆಲಕ್ಕೆ ಹೋಗುತ್ತದೆ. ಆ ದಾರಿ ಮುರಿದರೆ ಉಳಿಯೋದು ಮುಟ್ಟಿದವರ ಮೈ. ಗೋವಾದ ಮಳೆಗಾಲದಲ್ಲಿ ನೆಲವೂ ಒದ್ದೆ, ಗೋಡೆಯೂ ಒದ್ದೆ, ಬರಿಗಾಲು. ಝುಂ ಅಂದರೆ ಅದು ಎಚ್ಚರಿಕೆ, ಚಪ್ಪಲಿ ಅದಕ್ಕೆ ಮದ್ದಲ್ಲ. ಆ ದಿನವೇ ಕುಕ್ಕರು ನಿಲ್ಲಿಸಬೇಕು.

ಎಂ.ಸಿ.ಬಿ. ಇದೆಯಲ್ಲ ಅಂತ ಮನೆ ಮಾಲೀಕರು ಹೇಳುತ್ತಾರೆ. ಎಂ.ಸಿ.ಬಿ. ಕಾಯೋದು ತಂತಿಯನ್ನು, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯೋದು ಆರ್.ಸಿ.ಸಿ.ಬಿ. ಕರೆಂಟು ದಾರಿ ತಪ್ಪಿ 30 ಮಿಲಿ ಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿಯುತ್ತದೆ. ಬಾಡಿಗೆ ಹಿಡಿಯುವಾಗ ನೀರು, ಪಾಯಖಾನೆ ಕೇಳುವ ಹಾಗೆ ಇದನ್ನೂ ಕೇಳಬೇಕು. ಬೋರ್ಡಿನ ಲೆಕ್ಕವೂ ಸುಲಭ. 700 ವಾಟಿನ ಕುಕ್ಕರು 230 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಸ್ನಾನಕ್ಕೆ ನೀರು ಕಾಯಿಸುವ 1500 ವಾಟಿನ ರಾಡು ಆರೂವರೆ. ಎರಡನ್ನೂ 6 ಆಂಪಿಯರಿನ ಒಂದೇ ಎಕ್ಸ್‌ಟೆನ್ಷನ್ನಿಗೆ ಚುಚ್ಚಿದರೆ ತಂತಿ ಕಾಯುತ್ತದೆ, ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಎಲ್ಲ ಕೋಣೆಯಲ್ಲೂ ನಡೆಯೋದು ಇದೇ. ಕುಕ್ಕರು ಗೋಡೆಯ ಸಾಕೆಟ್ಟಿಗೇ ಹೋಗಬೇಕು. ಹಾಸಿಗೆ, ಪರದೆ, ತೂಗಿದ ಬಟ್ಟೆ ಹತ್ತಿರ ಇರಬಾರದು. ಆವಿ ಹೋಗುವ ತೂತಿನ ಮೇಲೆ ಅರಿವೆ ಹಾಕಬಾರದು. ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕೆ. ಮಗು ಎಳೆಯುವ ಹಾಗೆ ವಯರು ಇಳಿಬೀಳಬಾರದು. ನೆಲದ ಮೇಲೆ ಇಟ್ಟ ಕುಕ್ಕರಿನ ಆವಿ ಅಂಬೆಗಾಲಿನ ಮಗುವಿನ ಮುಖದ ಎತ್ತರಕ್ಕೇ ಬರುತ್ತದೆ.

ತೊಳೆಯುವ ಮಾತು. ಮೊದಲು ಪ್ಲಗ್ ಕಿತ್ತು, ಆರಲು ಬಿಡಬೇಕು. ಒಳಪಾತ್ರೆ, ಮುಚ್ಚಳ, ಆವಿಯ ನೀರು ಕೂಡುವ ಸಣ್ಣ ಬಟ್ಟಲು ಇವಿಷ್ಟೇ ನೀರಿಗೆ ಹೋಗುವಂಥವು. ಅಂಟಿದ ಅನ್ನವನ್ನು ಕೆರೆಯದೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ತಾನೇ ಬಿಡುತ್ತದೆ. ಕಪ್ಪು ಕೋಟಿಂಗಿನ ಪಾತ್ರೆಗೆ ಸ್ಪಂಜು, ಮರದ ಸೌಟು. ಬೂದಿ, ತಂತಿ ಬ್ರಷ್ಷು ಬೇಡ. ಕುಕ್ಕರಿನ ಮೈಯನ್ನು ಮಾತ್ರ ನಳದ ಕೆಳಗೆ ಹಿಡಿಯಲೇಬಾರದು, ಬಕೆಟ್ಟಿನಲ್ಲಿ ಅದ್ದಬಾರದು. ಹಿಂಡಿದ ಅರಿವೆಯಿಂದ ಒರೆಸಿ, ಮತ್ತೆ ಒಣ ಅರಿವೆ. ಸೋನಿಯವರ ಪೀಪಾಯಿ ನೆನಪಿದೆಯಲ್ಲ? ಗಂಜಿಯ ನೀರು ಒಳಗಿಳಿದರೆ ಕರೆಂಟಿಗೆ ಅದೇ ದಾರಿ. ತಟ್ಟೆಯ ಮೇಲೆ ಸುಟ್ಟು ಹಿಡಿದ ಅಗುಳಿದ್ದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ, ಪುಡಿ ಒರೆಸಿ ತೆಗೆಯಬೇಕು. ನಡುವಿನ ಗುಂಡಿ ಸಲೀಸಾಗಿ ಇಳಿದೇಳುತ್ತದೆಯೇ ಅಂತ ಬೆರಳಿನಿಂದ ಒತ್ತಿ ನೋಡಬೇಕು. ಸಮುದ್ರದ ಉಪ್ಪುಗಾಳಿಗೆ ಪ್ಲಗ್ಗಿನ ಪಿನ್ನು ಹಸಿರು ಕಟ್ಟುತ್ತದೆ, ಅದನ್ನೂ ಒರೆಸಬೇಕು. ಮುಚ್ಚಳದ ಒಳಮೈ, ಆವಿಯ ತೂತು, ಬಟ್ಟಲು ಇವನ್ನು ಹಲವರು ಮರೆಯುತ್ತಾರೆ. ಹುಳಿ ವಾಸನೆ ಹುಟ್ಟೋದು ಅಲ್ಲೇ.

ಉಳಿದ ಅನ್ನದ್ದು ಇನ್ನೊಂದು ಅಪಾಯ. ಅಕ್ಕಿಯಲ್ಲಿ ಬೆಂದರೂ ಸಾಯದ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜ ಇರುತ್ತದೆ, ಹೆಸರು ಬ್ಯಾಸಿಲಸ್ ಸೀರಿಯಸ್. ಬೆಚ್ಚಗಿನ ಅನ್ನದಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ವಾಂತಿ, ಭೇದಿ. 60 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಅದು ಬೆಳೆಯೋದಿಲ್ಲ, ಬೆಚ್ಚಗಿಡುವ ದೀಪ ಉರಿಯುವಾಗ ಕುಕ್ಕರು ಮಾಡೋದು ಅದನ್ನೇ. ಬಿಲ್ಲು ಉಳಿಸಲು ಸ್ವಿಚ್ ತೆಗೆದು, ಮುಚ್ಚಳ ಮುಚ್ಚಿ, ಬೆಳಗಿನ ಅನ್ನ ರಾತ್ರಿಗೆ ಇಡೋದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿ ಹೋಗೋದಿಲ್ಲ, ಸಾಕಷ್ಟು ಇರೋದೂ ಇಲ್ಲ. ಸ್ವಿಚ್ ತೆಗೆದರೆ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು, ಇಲ್ಲವೇ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗೆ. ಫ್ರಿಜ್ ಇಲ್ಲದವರು ಹೊತ್ತಿಗೆ ಬೇಕಾದಷ್ಟೇ ಮಾಡಬೇಕು. ನಡುವೆ ಕರೆಂಟು ಹೋದರೂ ಹೀಗೇ. ಕಡ್ಡಿ ಕೆಳಗೇ ಇರುತ್ತದೆ, ನಾವು ಕೆಲಸಕ್ಕೆ ಹೋದ ಮೇಲೆ ಕರೆಂಟು ಬಂದರೆ ಯಾರೂ ಇಲ್ಲದ ಕೋಣೆಯಲ್ಲಿ ಅದು ಮತ್ತೆ ಕಾಯಲು ಶುರು. ಕರೆಂಟು ಹೋಯಿತೆಂದರೆ ಪ್ಲಗ್ ಕೀಳಬೇಕು.

ಜಾತ್ರೆಗೋ ನಾಗರಪಂಚಮಿಗೋ ಊರಿಗೆ ಬಂದು ವಾರ ಎರಡು ವಾರ ಕಳೆದು ಕೋಣೆಗೆ ಮರಳುವವರು ಕುಕ್ಕರಿನ ಮೈಯನ್ನು ತಿರುವಿ ಒಮ್ಮೆ ಅಲ್ಲಾಡಿಸಿ ನೋಡಲಿ. ಜಿರಳೆ, ಇರುವೆ ತಳದ ಸಂದಿಯಲ್ಲಿ ಸೇರಿಕೊಂಡಿರುತ್ತವೆ. ವಯರನ್ನು ಇಲಿ ಕಡಿದಿದೆಯೇ ಅಂತ ಉದ್ದಕ್ಕೂ ಕಣ್ಣಿಂದ ನೋಡಬೇಕು. ಬಿಸಿಲಿದ್ದರೆ ಅರ್ಧ ದಿನ ಬಿಸಿಲಿಗಿಟ್ಟು, ತಟ್ಟೆ ಒರೆಸಿ, ಮೊದಲ ಸಲ ಬರೀ ನೀರು ಕಾಯಿಸಿ ಚೆಲ್ಲಿ, ಆಮೇಲೆ ಅಕ್ಕಿ ಹಾಕಬೇಕು.